ಒಲೆಯಿಂದ ಇಳಿಸಿದ ತಂಗಳನ್ನ

ದೆವ್ವ, ಗಾಳಿ, ಮಾಟ ಎಂದು ಯಾರಾದರೂ ಬಾಯಿ ತೆರೆದರೆ ಸಾಕು, ಕೆಲಸವಿಲ್ಲದವರ ಮಾತು ಎಂದು ಎದ್ದು ಹೋಗುತ್ತಿದ್ದವಳು ನಾನು. ಈಗಲೂ ದೆವ್ವವನ್ನು ನಂಬುವುದಿಲ್ಲ. ಆದರೆ ಹಾಸನದ ನಮ್ಮ ಅಡುಗೆಮನೆಯಲ್ಲಿ, ನಡುಮಧ್ಯಾಹ್ನ, ನನ್ನ ಬಾಯಿಗೇ ಬಂದದ್ದನ್ನು ಇಲ್ಲವೆನ್ನಲಾರೆ. ನೀವು ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಯಾರನ್ನೂ ಒಪ್ಪಿಸಬೇಕೆಂದು ಬರೆಯುತ್ತಿಲ್ಲ.

ನನ್ನ ಯಜಮಾನರು ಹಾಸನದಲ್ಲಿ ವಕೀಲರಾಗಿದ್ದರು. ಹುಟ್ಟಿದ್ದು ಅರಕಲಗೂಡಿನ ಕಡೆಯ ಒಂದು ಹಳ್ಳಿಯಲ್ಲಿ, ತಂದೆಯಿಲ್ಲದ ಮನೆಯಲ್ಲಿ. ಹೊಳೆನರಸೀಪುರಕ್ಕೆ ಬಂದು ವಾರಾನ್ನ ಮಾಡಿಕೊಂಡು ಓದಿದರು. ವಾರಾನ್ನವೆಂದರೆ ದಿನಕ್ಕೊಬ್ಬರ ಮನೆಯಲ್ಲಿ ಊಟ. ಗುರುವಾರ ನಮ್ಮ ಮನೆಯ ಸರದಿ. ನಾನಾಗ ಚಿಕ್ಕ ಹುಡುಗಿ. ನಮಗೆಲ್ಲ ನಡುಮನೆಯಲ್ಲಿ ಬಿಸಿ ಅನ್ನ, ತುಪ್ಪ. ವಾರದ ಹುಡುಗನಿಗೆ ಹಿತ್ತಿಲ ಬಾಗಿಲ ಬಳಿ ಎಲೆ. ಅದರಲ್ಲಿ ಹಿಂದಿನ ರಾತ್ರಿಯ ಅನ್ನ, ಮೇಲೆ ನೀರುಮಜ್ಜಿಗೆ. ಒಮ್ಮೆ ಅವರು “ಅನ್ನ ಹಳಸಿದೆ ಅಮ್ಮ” ಎಂದದ್ದಕ್ಕೆ ನನ್ನ ತಾಯಿ, “ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಿಲಿಗೆ ಹೋಗಿ ಮೊಳ ಹಾಕಿದನಂತೆ! ತಿನ್ನೋದಾದ್ರೆ ತಿನ್ನು, ಇಲ್ದಿದ್ರೆ ಏಳು” ಎಂದಳು. ಎದ್ದರೆ ಮಾರನೆಯ ದಿನದವರೆಗೆ ಉಪವಾಸ. ಅವರು ತಿಂದರು.

ಅದೇ ಹುಡುಗ ವಕೀಲನಾದ ಮೇಲೆ ನನ್ನ ತಂದೆಯೇ ಹೋಗಿ ಕೇಳಿ ನನ್ನನ್ನು ಕೊಟ್ಟರು. ವಾರ ಕೊಟ್ಟಿದ್ದ ನನ್ನ ತಂದೆಯ ಮೇಲಿನ ಗೌರವಕ್ಕೆ ಅವರು ಒಪ್ಪಿದರು. ಮದುವೆಯಾದ ಮೇಲೆ ಮಾತ್ರ ನನ್ನ ತವರುಮನೆಯಲ್ಲಿ ಒಂದು ಲೋಟ ನೀರನ್ನೂ ಕುಡಿಯಲಿಲ್ಲ. ನನ್ನ ತಾಯಿಯ ಹೆಸರೆತ್ತಿದರೆ ಮುಖ ಗಂಟು. ನಾನೇನು ಕಡಿಮೆಯೇ? ಇಷ್ಟು ಹಗೆ ಇಟ್ಟುಕೊಂಡು ನನ್ನನ್ನು ಯಾಕೆ ಕಟ್ಟಿಕೊಂಡಿರಿ ಎಂದು ಜಗಳಕ್ಕೆ ನಿಲ್ಲುತ್ತಿದ್ದೆ.

ಯುದ್ಧದ ಕಾಲದಲ್ಲೂ ನಮ್ಮ ಮನೆಯಲ್ಲಿ ಹಾಲು ತುಪ್ಪಕ್ಕೆ ಕೊರತೆಯಿರಲಿಲ್ಲ. ಆದರೂ ಅವರು ಸೊರಗುತ್ತ ಬಂದರು. ನಲವತ್ತು ತುಂಬುವ ಮೊದಲೇ ಹೊಟ್ಟೆಯಲ್ಲಿ ಹುಣ್ಣು. ಡಾಕ್ಟರು ಈಗಿನ ಊಟದ ವಿಚಾರ ಬಿಟ್ಟು ಚಿಕ್ಕಂದಿನ ಊಟದ ವಿಚಾರ ಕೇಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಅದು ಯಾವ ಕಾಲದ ಮಾತು ಎಂದು ರೇಗಿದೆ. “ಬೆಳೆಯೋ ವಯಸ್ಸಲ್ಲಿ ಕೆಟ್ಟ ಮೈ ತಾಯಿ ಇದು. ಈಗ ಸುರಿದ ತುಪ್ಪ ಅಲ್ಲೀವರೆಗೂ ಹೋಗಿ ಮುಟ್ಟಲ್ಲ. ಮೆತ್ತಗಿನ ಅನ್ನ, ಹಾಲು ಒಳಗೆ ಹೋದ್ರೆ ಉಳೀತಾರೆ, ಇಲ್ದಿದ್ರೆ ಇಲ್ಲ” ಎಂದರು.

ಅನ್ನ ಒಳಗೆ ಹೋಗಲೇ ಇಲ್ಲ. ಬಾಯಿಗಿಟ್ಟ ತುತ್ತನ್ನು ಉಗಿದು, ಹಳಸಿದೆ ಎನ್ನುತ್ತಿದ್ದರು. ಆಗ ತಾನೇ ಬಸಿದ ಅನ್ನ! ನನ್ನ ತಾಯಿಯನ್ನು ಹಂಗಿಸಲು ಹೂಡಿದ ನಾಟಕ ಎಂದೇ ನಾನು ತಿಳಿದೆ. ಒಂದು ಮಧ್ಯಾಹ್ನ ತಡೆಯಲಾರದೆ, “ಪ್ರಾಣ ಹೋಗೋ ಹೊತ್ತಲ್ಲೂ ಸೇಡೇ ನಿಮಗೆ? ನೋಡಿ, ನಾನೇ ತಿಂತೀನಿ” ಎಂದು ತಪ್ಪಲೆಯಿಂದ ಒಂದು ಹಿಡಿ ತೆಗೆದು ಬಾಯಿಗೆ ಹಾಕಿಕೊಂಡೆ.

ತಣ್ಣಗಿತ್ತು. ಹುಳಿ ಹುಳಿ, ಲೋಳೆ ಲೋಳೆ, ನೀರಿನಲ್ಲಿ ಕೊಳೆತ ತಂಗಳು. ಕಣ್ಣೆದುರು ತಪ್ಪಲೆಯಿಂದ ಹಬೆ ಏಳುತ್ತಿತ್ತು, ಬೆರಳು ಸುಟ್ಟು ಕೆಂಪಾಗಿತ್ತು. ನಾನು ಬಚ್ಚಲಿಗೆ ಓಡಿ ವಾಂತಿ ಮಾಡಿದೆ.

ರೇಷನ್ ಅಕ್ಕಿಯೇ ಕೆಟ್ಟದ್ದಿರಬೇಕೆಂದು ತಪ್ಪಲೆಯನ್ನು ಹಿತ್ತಿಲಿಗೆ ಒಯ್ದೆ. ಪಾತ್ರೆ ತಿಕ್ಕುತ್ತಿದ್ದ ಕೆಂಪಮ್ಮ, “ಅಕ್ಕಿ ಸಿಗದ ಕಾಲ್ದಲ್ಲಿ ಚೆಲ್ಬುಡ್ತೀರಾ ಅವ್ವಾ? ನಂಗಾರ ಆಕಿ” ಎಂದು ತಟ್ಟೆ ಒಡ್ಡಿದಳು. ಹಳಸಿದೆ ಎಂದು ಹೇಳಿ ಮುಗಿಸುವುದರೊಳಗೆ ತುತ್ತು ಅವಳ ಬಾಯಲ್ಲಿತ್ತು. “ಅಳಸೈತಾ? ಬಾಯಿ ಸುಟ್ಟೋಯ್ತು ಕಣವ್ವಾ! ಮಲ್ಲಿಗೆ ಊವಿನಂಗೈತೆ ಅನ್ನ!” ಎಂದಳು. ಪಕ್ಕದ ಮನೆಯಿಂದ ಅಕ್ಕಿ ತಂದು ಮತ್ತೆ ಬೇಯಿಸಿದೆ. ಯಜಮಾನರ ಬಾಯಿಗೂ ನನ್ನ ಬಾಯಿಗೂ ಮತ್ತೆ ಅದೇ ರುಚಿ.

ನನಗೆ ಸಿಟ್ಟು ನೆತ್ತಿಗೇರಿತು. ಹೊಳೆನರಸೀಪುರಕ್ಕೆ ಹೇಳಿಕಳಿಸಿ ನನ್ನ ತಾಯಿಯನ್ನು ಕರೆಸಿದೆ. ಯಜಮಾನರ ಹಾಸಿಗೆಯ ಪಕ್ಕದಲ್ಲೇ ಎಲೆ ಹಾಕಿ, ಆಗ ತಾನೇ ಬಸಿದ ಅನ್ನ ಬಡಿಸಿ, “ತಿನ್ನು” ಎಂದೆ. ಆಕೆ ಕಲಸಿಕೊಂಡು ತಿಂದಳು. “ಏನೇ ಬಂದಿದೆ ನಿಂಗೆ? ಚೆನ್ನಾಗೇ ಇದೆಯಲ್ಲೇ. ಬಿಸಿಯಾಗಿದೆ. ಇನ್ನೊಂದು ಮಿಳ್ಳೆ ತುಪ್ಪ ಹಾಕು” ಎಂದು ಒಂದಗುಳೂ ಬಿಡದೆ ಉಂಡಳು. ಯಜಮಾನರು ಅದನ್ನೇ ನೋಡುತ್ತಿದ್ದರು. “ಅವರಿಗೆ ಹೇಗೆ ಗೊತ್ತಾಗುತ್ತೆ ಬಿಡು. ಅವರು ಬಡಿಸಿದವರು, ತಿಂದವರಲ್ಲ” ಎಂದು ಗೋಡೆಯ ಕಡೆ ತಿರುಗಿದರು. ಆಮೇಲೆ ಅವರು ಬಾಯಿ ತೆರೆಯಲೇ ಇಲ್ಲ, ಅನ್ನಕ್ಕೂ, ಮಾತಿಗೂ.

ಆ ವಾರ ಕಳೆಯುವ ಮೊದಲೇ ಹೋದರು. ತಾಯಿ ಬಂದವರ ಮುಂದೆ, “ನನ್ನ ಕೈಯ ಅನ್ನ ತಿಂದು ಬೆಳೆದ ಮಗು ಕಣ್ರೀ” ಎಂದು ಎದೆ ಬಡಿದುಕೊಂಡಳು. “ಅದನ್ನ ತಿಂದೇ ಸತ್ತರು. ಬಾಯಿ ಮುಚ್ಚು” ಎಂದೆ. ಹೆಣದ ಮುಂದೆ ಹೆತ್ತವಳಿಗೆ ಹಾಗೆನ್ನಬಹುದೇ ಎಂದು ನೆಂಟರು ಇಂದಿಗೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ಡಾಕ್ಟರು ಅದನ್ನು ಮನಸ್ಸಿನ ಭ್ರಮೆ ಎಂದರು. ಇರಬಹುದು. ಆದರೆ ಹಳಸಿದ ಅನ್ನದ ಒಂದಗುಳನ್ನೂ ತಿಂದು ಗೊತ್ತಿಲ್ಲದ ನನ್ನ ಬಾಯಿಗೆ ಆ ರುಚಿ ಎಲ್ಲಿಂದ ಬಂತು? ಅವರು ಹೋದ ಮೇಲೆ ಅದು ಮತ್ತೆ ಬರಲೂ ಇಲ್ಲ. ನನ್ನ ತಾಯಿ ಎಂಬತ್ತು ದಾಟಿ, ಸಾಯುವ ದಿನವೂ ಹೊಟ್ಟೆತುಂಬ ಉಂಡು ಹೋದಳು. ನನಗೂ ಅವಳದೇ ಹೊಟ್ಟೆ. ಈ ವಯಸ್ಸಿನಲ್ಲೂ ಕಲ್ಲು ತಿಂದರೆ ಕಲ್ಲೇ ಅರಗುತ್ತದೆ. ಯಾಕೆ ಅರಗುತ್ತದೆ ಎಂದು, ನಡುಮನೆಯಲ್ಲಿ ಬಿಸಿ ಅನ್ನ, ತುಪ್ಪ ಉಂಡು ಬೆಳೆದ ನನಗೆ ಚೆನ್ನಾಗಿ ಗೊತ್ತು. ಆ ಮಧ್ಯಾಹ್ನ ನನ್ನ ಬಾಯಿಗೆ ಬಂದದ್ದೇನು ಎಂಬುದು ಮಾತ್ರ ಇನ್ನೂ ಗೊತ್ತಾಗಿಲ್ಲ.