ಚನ್ನರಾಯಪ್ಪನವರ ಸೈಕಲ್ ಎಣ್ಣೆ

ಹೃದಯದ ಆಪರೇಷನ್ ಆದ ಮೇಲೆ ಟೇಕಲ್ಲಿನ ಚನ್ನರಾಯಪ್ಪನವರು ಮನೆಯೊಳಗೇ ವ್ಯಾಯಾಮದ ಸೈಕಲ್ ತುಳಿಯುತ್ತಿದ್ದರು; ತುಳಿದದ್ದಕ್ಕಿಂತ ಅದರ ಕಿರುಗುಟ್ಟುವ ಸದ್ದಿಗೆ ಎಣ್ಣೆ ಹುಡುಕಿದ್ದೇ ಹೆಚ್ಚು. ಕೊಬ್ಬರಿ ಎಣ್ಣೆ ಬಿಟ್ಟರೆ ಇರುವೆ ಮುತ್ತಿದವು, ಹರಳೆಣ್ಣೆ ಬಿಟ್ಟರೆ ಪೆಡಲ್ಲೇ ಅಂಟಿಕೊಂಡಿತು. ಮದುವೆ ಊಟದಲ್ಲೂ ಪಕ್ಕದವರನ್ನು, "ಯಾವ ಎಣ್ಣೆ ಒಳ್ಳೇದು ಸ್ವಾಮಿ?" ಎಂದು ಕೇಳಿ, "ಬೋಂಡಕ್ಕಾದ್ರೆ ಕಡ್ಲೆಕಾಯಿ ಎಣ್ಣೆ" ಎಂಬ ಉತ್ತರ ಪಡೆದರು. ಕೊನೆಗೊಂದು ದಿನ ಹೊಲಿಗೆ ಮಿಷನ್ ಎಣ್ಣೆ ಬಿಟ್ಟು ತುಳಿದರು. ಸದ್ದು ಪೂರ್ತಿ ಅಡಗಿತು. "ಗೆದ್ದೆ ಕಣೇ!" ಎಂದು ಅವರು ಕೂಗುವ ಮೊದಲೇ ಹೆಂಡತಿ ಭಾರತಮ್ಮ ಮುದ್ದೆ ಕೋಲು ಹಿಡಿದೇ ಅಡುಗೆಮನೆಯಿಂದ ಓಡಿ ಬಂದರು. "ಸದ್ದು ನಿಂತೋಯ್ತಲ್ರೀ, ಮತ್ತೆ ಎದೆನೋವು ಬಂತೇನೋ ಅಂದ್ಕೊಂಡೆ!" ಅಂದಿನಿಂದ ಚನ್ನರಾಯಪ್ಪನವರು ಅಡುಗೆಮನೆಗಷ್ಟೇ ಅಲ್ಲ, ಬೀದಿಗೆಲ್ಲ ಕೇಳುವಂತೆ ತೆಲುಗು ಪದ್ಯ ಹಾಡುತ್ತಾ ಸೈಕಲ್ ತುಳಿಯುತ್ತಾರೆ.