ವಾರ್ಡನ್ ಮಾನಮ್ಮನ ಮಂಗಳವಾರ

ಕಲಬುರಗಿಯ ಕುಸನೂರ ರಸ್ತೆಯ ಹುಡುಗಿಯರ ಹಾಸ್ಟೆಲ್ಲಿನಲ್ಲಿ ಊಟದ ಗಂಟೆ ಕೆಟ್ಟು ಎರಡು ವರ್ಷವಾಗಿತ್ತು. ಯಾರೂ ರಿಪೇರಿ ಮಾಡಿಸಿರಲಿಲ್ಲ. ವಾರ್ಡನ್ ಮಾನಮ್ಮನ ಗಂಟಲು ಇರುವಾಗ ಅದರ ಅಗತ್ಯವೇ ಬಿದ್ದಿರಲಿಲ್ಲ. "ನಳ ಬಂದ್ ಮಾಡ್ರೇ" ಎಂದು ಅವಳು ಅಂಗಳದಲ್ಲಿ ನಿಂತು ಕೂಗಿದರೆ ಮೇಲಿನ ಮಹಡಿಯ ಕೊನೆಯ ಕೋಣೆಯ ನಳವೂ ಬಂದಾಗುತ್ತಿತ್ತು, ಪಕ್ಕದ ಮನೆಯದೂ ಆಗುತ್ತಿತ್ತು. ಹುಡುಗಿಯರು ಅವಳಿಗೆ ಸೈರನ್ ಎಂದು ಹೆಸರಿಟ್ಟಿದ್ದರು. ಅದು ಅವಳಿಗೂ ಗೊತ್ತಿತ್ತು.

ಮಾನಮ್ಮ ಕಮಲಾಪುರದವಳು. ಗಂಡ ದೇವಿಂದ್ರಪ್ಪ ಅಲ್ಲಿ ಎರಡೆಕರೆಯಲ್ಲಿ ಕೆಂಪು ಬಾಳೆ ಬೆಳೆಯುತ್ತಾನೆ. ಮಾತು ಕಡಿಮೆ, ನಗು ಜಾಸ್ತಿ. ಶನಿವಾರ ಸಂಜೆ ಹುಮನಾಬಾದ ಕಡೆಯ ಬಸ್ಸು ಹತ್ತಿ ಊರಿಗೆ ಹೋಗಿ, ಸೋಮವಾರ ಬೆಳಿಗ್ಗೆ ಕಲಬುರಗಿಗೆ ಮರಳುವುದು ಅವಳ ಹದಿನೆಂಟು ವರ್ಷದ ರೂಢಿ. ಹಾಸ್ಟೆಲ್ಲಿನ ಎಂಬತ್ತು ಹುಡುಗಿಯರಲ್ಲಿ ಯಾರು ಉಂಡರು, ಯಾರು ಉಪವಾಸ ಮಲಗಿದರು ಎಂಬುದು ಅವಳಿಗೆ ಹಾಜರಿ ಪುಸ್ತಕ ನೋಡದೆ ಗೊತ್ತಾಗುತ್ತಿತ್ತು. ಪ್ರೀತಿಗೇನೂ ಬರವಿರಲಿಲ್ಲ. ಆದರೆ ಅದು ಹೊರಗೆ ಬರುವಾಗ ಬೈಗುಳವಾಗಿಯೇ ಬರುತ್ತಿತ್ತು.

ಹೋದ ವರ್ಷ ಡಿಸೆಂಬರಿನಲ್ಲಿ ಒಂದು ಪ್ರಸಂಗ ನಡೆಯಿತು. ಆಳಂದದ ಕಡೆಯ ಹಳ್ಳಿಯಿಂದ ಬಂದ ಭಾಗ್ಯ ಎಂಬ ಬಿ.ಎಸ್ಸಿ. ಹುಡುಗಿ ರಸಾಯನಶಾಸ್ತ್ರದ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಕೈ ನಡುಗಿ ಗಾಜಿನ ಬ್ಯುರೆಟ್ ಒಡೆದಳು. ಪರೀಕ್ಷಕರು ಏನೂ ಅನ್ನದಿದ್ದರೂ ಪರೀಕ್ಷೆ ಅರ್ಧಕ್ಕೇ ಬಿಟ್ಟು ಓಡಿಬಂದು, ಹಾಸ್ಟೆಲ್ಲಿನ ಬಚ್ಚಲುಮನೆ ಸೇರಿ ಚಿಲಕ ಹಾಕಿಕೊಂಡಳು. ಒಳಗಿನಿಂದ ಬಿಕ್ಕುವ ಸದ್ದು ಕೇಳಿಸುತ್ತಿತ್ತು. ಮಾನಮ್ಮ ಎರಡೂ ಕೈಯಿಂದ ಬಾಗಿಲು ಬಡಿದಳು.

"ಬಾಗಿಲ ತೆಗಿ. ಒಂದ ಗಾಜಿನ ಕೊಳವಿ ಒಡದದ್ದಕ್ಕ ಇಷ್ಟ್ಯಾಕ ಅಳಾಕತ್ತಿ? ಅಳೋದ ಬಿಡ ಅಂದ್ರ ಬಿಡಬೇಕ ನೋಡು."

ಒಳಗಿನ ಅಳು ಇನ್ನೂ ಜೋರಾಯಿತು. ಆಗ ಭಾಗ್ಯಳ ಕೋಣೆಯ ಗೆಳತಿ, ಶಹಾಬಾದಿನ ಸಕೀನಾ ಬಂದು ಬಾಗಿಲ ಹೊರಗೆ ನೆಲದ ಮೇಲೆ ಕೂತಳು. "ನಾ ಇಲ್ಲೇ ಕುಂತೀನಿ ಭಾಗ್ಯ. ಅವಸರ ಇಲ್ಲ," ಎಂದಳಷ್ಟೆ. ಮುಕ್ಕಾಲು ಗಂಟೆಯ ಮೇಲೆ ಚಿಲಕ ಸರಿದ ಸದ್ದಾಯಿತು. ಅತ್ತು ಕೆಂಪಾದ ಕಣ್ಣಿನಲ್ಲಿ ಹೊರಬಂದ ಭಾಗ್ಯ ಸಕೀನಾಳ ಹೆಗಲಿಗೆ ತಲೆಯಿಟ್ಟಳು. ಮಾನಮ್ಮ ಮೂಲೆಯಲ್ಲಿ ನಿಂತೇ ಇದ್ದಳು. ಹತ್ತೊಂಬತ್ತು ವರ್ಷದ ಹುಡುಗಿಗೆ ಬಂದ ಬುದ್ಧಿ ತನಗೇಕೆ ಬರಲಿಲ್ಲ ಎಂಬ ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ಕೂತಿತು.

ಜನವರಿಯಲ್ಲಿ ವಾರ್ಡನ್‌ಗಳಿಗೆ ಆರು ದಿನದ ತರಬೇತಿಯ ಪತ್ರ ಬಂತು. ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ, ಭಾವನೆಗಳನ್ನು ನಿಭಾಯಿಸುವ ಕೌಶಲ ಎಂದೇನೋ ಬರೆದಿತ್ತು. ಬೇರೆ ವರ್ಷವಾಗಿದ್ದರೆ ಸೊಂಟನೋವಿನ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದಳು. ಈ ಸಲ ಮೊದಲ ದಿನ ಎಲ್ಲರಿಗಿಂತ ಮುಂಚೆ ಹೋಗಿ ಮುಂದಿನ ಕುರ್ಚಿಯಲ್ಲಿ ಕೂತಳು.

ಕಲಿಸಲು ಬಂದವಳು ತ್ರಿವೇಣಿ ಎಂಬ ಮನಶ್ಶಾಸ್ತ್ರದ ಉಪನ್ಯಾಸಕಿ. ಮಾನಮ್ಮನಿಗೆ ಮಗಳಾಗುವ ವಯಸ್ಸಿನವಳು. ಒಬ್ಬೊಬ್ಬರನ್ನೇ ಕೇಳುತ್ತ ಬಂದು ಮಾನಮ್ಮನ ಎದುರು ನಿಂತಳು.

"ಈಗ ನಿಮಗ ಹ್ಯಾಂಗ ಅನ್ನಿಸಾಕತ್ತದ ರೀ?"

"ಆರಾಮ ಅದೀನ್ರಿ."

"ನಿನ್ನಿ?"

"ನಿನ್ನೀನೂ ಆರಾಮೇ ಇದ್ದೆರಿ."

"ಮತ್ತ ಅಷ್ಟು ಲಗೂನ ಬಂದು ಮುಂದ ಯಾಕ ಕುಂತೀರಿ?" ತ್ರಿವೇಣಿ ನಗುತ್ತಲೇ ಕೇಳಿದಳು.

ಮಾನಮ್ಮನ ಕಣ್ಣಲ್ಲಿ ನೀರು ಬಂತು. ಬಚ್ಚಲುಮನೆಯ ಬಾಗಿಲಿನ ಕತೆಯನ್ನು ಮೂವತ್ತು ಜನರೆದುರು ಹೇಳಿಬಿಟ್ಟಳು. "ಭಾಳ ಸಿಟ್ಟ ಬಂದಿತ್ತರಿ ನನಗ," ಎಂದು ಮುಗಿಸಿದಳು.

"ಆ ಸಿಟ್ಟಿನ ಹಿಂದ ಏನಿತ್ತರಿ?"

ಇಂಥ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಯೋಚಿಸಿದಳು. "ಅಂಜಿಕಿ ರೀ. ಹುಡುಗಿ ಒಳಗ ಏನರೆ ಮಾಡಿಕೊಂಡ್ರ ಏನ್ ಗತಿ ಅಂತ ಅಂಜಿಕಿ." ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ನಲವತ್ತಾರು ವರ್ಷ ತಾನು ಸಿಟ್ಟಿನ ಹೆಂಗಸು ಎಂದೇ ಅವಳು ನಂಬಿಕೊಂಡಿದ್ದಳು.

ಆರು ದಿನಗಳಲ್ಲಿ ಅವಳು ಕಲಿತದ್ದು ಕೇಳಲು ಸರಳವಾಗಿತ್ತು. ಮನಸ್ಸಿನಲ್ಲಿ ಎದ್ದದ್ದನ್ನು ಹೆಸರಿಟ್ಟು ಕರೆಯಬೇಕು. ಅದು ಮೈಯಲ್ಲಿ ಎಲ್ಲಿ ಕೂತಿದೆ ಎಂದು ನೋಡಬೇಕು. ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಬೇಕು, ಭಾವನೆಯ ಅಲೆ ಇಳಿಯುವವರೆಗೆ ಬಾಯಿ, ಕೈ, ಫೋನು ಯಾವುದಕ್ಕೂ ಕೆಲಸ ಕೊಡಬಾರದು. ಆಮೇಲೆ, ನಾನು ಅಂದುಕೊಂಡದ್ದೇ ನಿಜವೋ, ಬೇರೇನಾದರೂ ಇರಬಹುದೋ ಎಂದು ಕೇಳಿಕೊಳ್ಳಬೇಕು. ಜೊತೆಗೆ ತ್ರಿವೇಣಿ ಇನ್ನೊಂದು ಮಾತನ್ನು ಒತ್ತಿ ಹೇಳಿದ್ದಳು: "ನೀವು ಡಾಕ್ಟರ್ ಅಲ್ಲ ರೀ. ನಿಮ್ಮ ಕೈ ಮೀರಿದ್ದು ಕಂಡ್ರ ತಡಾ ಮಾಡದ ದವಾಖಾನಿಗಿ ಕರಕೊಂಡ ಹೋಗ್ರಿ."

ಮುಂದಿನ ಮಂಗಳವಾರ ಸಂಜೆ ಚಹಾ ಆದ ಮೇಲೆ ಮಾನಮ್ಮ ಊಟದ ಹಾಲಿನಲ್ಲಿ ಹುಡುಗಿಯರನ್ನು ಸೇರಿಸಿದಳು. ಕೈಯಲ್ಲಿ ತರಬೇತಿಯ ಪುಸ್ತಕ ಹಿಡಿದು ಓದತೊಡಗಿದಳು. ಎರಡನೆಯ ಪುಟಕ್ಕೆ ಹಿಂದಿನ ಸಾಲು ಫೋನು ತೆಗೆಯಿತು. ಮೂರನೆಯ ಪುಟಕ್ಕೆ ಮುಂದಿನ ಸಾಲು ಆಕಳಿಸಿತು. ಆಗ ಸಕೀನಾ ಕೈ ಎತ್ತಿದಳು.

"ಮೇಡಂ, ನಿಮಗ ಸಿಟ್ಟ ಬಂದ್ರ ಏನ್ ಮಾಡ್ತೀರಿ?"

ಮಾನಮ್ಮ ಪುಸ್ತಕ ಮುಚ್ಚಿದಳು. "ಚೀರ್ತೀನಿ," ಎಂದಳು. "ನಿಮಗ ಗೊತ್ತಿಲ್ಲೇನು?"

ಎಂಬತ್ತು ಹುಡುಗಿಯರ ನಗು ತಗಡಿನ ಚಾವಣಿಗೆ ಬಡಿಯಿತು. ನಗು ಇಳಿಯುವವರೆಗೆ ಅವಳು ಕಾದಳು. "ಭಾಗ್ಯ, ಅವತ್ತ ನಾ ಬಾಗಿಲ ಬಡದದ್ದು ತಪ್ಪಾತವ್ವ. ನನಗ ಅಂಜಿಕಿ ಆಗಿತ್ತು. ಅದನ್ನ ಹೇಳಾಕ ಬರದ ಚೀರಿದೆ. ಇದನ್ನ ನಾನೂ ಈಗೇ ಕಲಿಯಾಕತ್ತೀನಿ. ನೀವೇ ನನ್ನ ಪರೀಕ್ಷಾ ಮಾಡ್ರಿ. ನಾ ದನಿ ಏರಿಸಿದ್ರ 'ಮೇಡಂ, ಉಸಿರು' ಅನ್ರಿ. ಯಾರಿಗೂ ಬೈಯಂಗಿಲ್ಲ."

ಪರೀಕ್ಷೆಗೆ ಎರಡು ದಿನವೂ ಕಾಯಬೇಕಾಗಲಿಲ್ಲ. ಗುರುವಾರ ಬೆಳಿಗ್ಗೆ ಯಾರೋ ಮೋಟರ್ ಬಂದ್ ಮಾಡಲು ಮರೆತು ನೀರಿನ ಟಾಕಿ ತುಂಬಿ, ಮೆಟ್ಟಿಲ ಮೇಲೆಲ್ಲ ನೀರು ಹರಿಯತೊಡಗಿತು. ಮಾನಮ್ಮ ಅಂಗಳಕ್ಕೆ ಬಂದು ಎದೆ ತುಂಬ ಗಾಳಿ ಎಳೆದುಕೊಂಡಳು. "ಯಾವಕಿ ಅಕಿ," ಎಂದು ದನಿ ಏರುವಷ್ಟರಲ್ಲಿ ಮೇಲಿನಿಂದ ಅಂಜುತ್ತಂಜುತ್ತ ಒಂದು ದನಿ ಬಂತು. "ಮೇಡಂ, ಉಸಿರು ರೀ."

ಮಾನಮ್ಮ ಬಾಯಿ ತೆರೆದದ್ದು ತೆರೆದ ಹಾಗೇ ನಿಂತಳು. ಎಳೆದುಕೊಂಡ ಉಸಿರನ್ನು ಎಲ್ಲಾದರೂ ಬಿಡಲೇಬೇಕಲ್ಲ. ಉದ್ದಕ್ಕೆ, ಸದ್ದಾಗುವಂತೆ ಬಿಟ್ಟಳು. ಬಿಡುತ್ತ ಬಿಡುತ್ತ ನಗು ಬಂದುಬಿಟ್ಟಿತು. ನೀರಲ್ಲಿ ನಿಂತು ನಗುತ್ತಿರುವ ಮಾನಮ್ಮನನ್ನು ನೋಡಲು ಹುಡುಗಿಯರು ಮಹಡಿಯ ಕಟಕಟೆಗೆ ಜೋತುಬಿದ್ದರು. ಮೋಟರ್ ಮರೆತವಳು ತಾನೇ ಇಳಿದು ಬಂದು ಕಸಬರಿಗೆ ಹಿಡಿದಳು. ಹದಿನೆಂಟು ವರ್ಷದಲ್ಲಿ ಹೀಗಾದದ್ದು ಅದೇ ಮೊದಲು.

ಅಲ್ಲಿಂದ ಪ್ರತಿ ಮಂಗಳವಾರದ ಕೂಟಕ್ಕೆ ರಂಗೇರಿತು. ಹುಡುಗಿಯರು ಎಲ್ಲದಕ್ಕೂ 'ಟೆನ್ಷನ್' ಎಂಬ ಒಂದೇ ಶಬ್ದ ಬಳಸುವುದನ್ನು ಕಂಡ ಮಾನಮ್ಮ ಗೋಡೆಗೆ ದೊಡ್ಡ ಹಾಳೆ ಅಂಟಿಸಿ, ಮನೆಯಲ್ಲಿ ಅವ್ವಂದಿರು ಆಡುವ ಮಾತುಗಳನ್ನು ತಂದು ಬರೆಯಲು ಹೇಳಿದಳು. ತಳಮಳ, ಹಳಹಳಿ, ಅಳುಕು, ಸಂಕಟ, ಬ್ಯಾಸರ ಬಂದವು. ಸಕೀನಾ ಉರ್ದುವಿನ ಬೇಚೈನಿ ಎಂಬ ಚಡಪಡಿಕೆ, ಘಬರಾಟ್ ಎಂಬ ಗಾಬರಿ ಎರಡನ್ನೂ ಬರೆದು ಅವುಗಳ ನಡುವಿನ ವ್ಯತ್ಯಾಸವನ್ನು ಹತ್ತು ನಿಮಿಷ ವಿವರಿಸಿದಳು. ಅಡುಗೆಯ ಮಲ್ಕಮ್ಮ ಹಿಟ್ಟಿನ ಕೈಯಲ್ಲೇ ಬಂದು, "ಹೊಟ್ಟ್ಯಾಗ ಬೆಕ್ಕ ಓಡ್ಯಾಡಿದಂಗ, ಅದನ್ನೂ ಬರೀರಿ," ಎಂದಳು. ಅದು ಎಲ್ಲರಿಗೂ ಅರ್ಥವಾಯಿತು.

ಎಲ್ಲವೂ ಹಾಳೆಯಲ್ಲಿ ಮುಗಿಯುವಂಥದ್ದಾಗಿರಲಿಲ್ಲ. ಒಬ್ಬ ಹುಡುಗಿ ಮೂರು ವಾರದಿಂದ ನಿದ್ದೆ ಇಲ್ಲದೆ, ಅನ್ನ ಸೇರದೆ ಸೊರಗುತ್ತಿದ್ದಳು. ಮಾನಮ್ಮ ಅವಳ ತಾಯಿಗೆ ಫೋನು ಮಾಡಿ ಕರೆಸಿದಳು. ಮೂವರೂ ಸೇರಿ ದವಾಖಾನೆಗೆ ಹೋದರು. ಡಾಕ್ಟರರ ಚಿಕಿತ್ಸೆಯಲ್ಲಿ ನಿಧಾನವಾಗಿ ಅವಳ ಮುಖಕ್ಕೆ ಕಳೆ ಬಂತು. ಆ ವಿಷಯವನ್ನು ಮಾನಮ್ಮ ಯಾರ ಮುಂದೆಯೂ ಆಡಲಿಲ್ಲ.

ಮೇ ತಿಂಗಳಲ್ಲಿ ಭಾಗ್ಯಳಿಗೆ ಮತ್ತೆ ಪ್ರಾಕ್ಟಿಕಲ್ ಬಂತು. "ಅಂಜಿಕಿ ಹೋಗಲಿ ಅಂತ ಕಾಯಬ್ಯಾಡ. ಅಂಜಿಕಿ ಇದ್ದಾಗೇ ಕೆಲಸ ಮಾಡೋದ ರೂಢಿ ಮಾಡೂಣು," ಎಂದಳು ಮಾನಮ್ಮ. ಊಟದ ಹಾಲೇ ಪ್ರಯೋಗಾಲಯವಾಯಿತು. ಸ್ಟೀಲಿನ ಲೋಟಗಳಲ್ಲಿ ನಿಂಬೆರಸ, ಗಾಜಿನ ಬುಡ್ಡಿಯಲ್ಲಿ ಅರಿಶಿನದ ನೀರು ಇಟ್ಟರು. ಮಲ್ಕಮ್ಮ ಯಾರದೋ ಕನ್ನಡಕ ಏರಿಸಿಕೊಂಡು ಹೊರಗಿನ ಪರೀಕ್ಷಕಿಯಾಗಿ ಬಂದು ಕೂತಳು.

"ಇದಕ್ಕ ಉಪ್ಪ ಎಷ್ಟ ಬೀಳ್ತದ?" ಎಂದು ಗಂಭೀರವಾಗಿ ಕೇಳಿದಳು.

ಭಾಗ್ಯ ನಕ್ಕಳು. ಆಮೇಲೆ ತನ್ನೊಳಗೆ ಎದ್ದದ್ದರ ಹೆಸರು ಹೇಳಿದಳು: "ಅಳುಕು. ಬೆರಳಿನಾಗ ಅದ, ಹೊಟ್ಟ್ಯಾಗ ಬೆಕ್ಕೂ ಅದ." ಉಸಿರು ಬಿಟ್ಟಳು, ಮತ್ತೆ ಹನಿ ಹಾಕಿದಳು. ಎಂಟು ಸಂಜೆ ಹೀಗೇ ನಡೆಯಿತು.

ಪರೀಕ್ಷೆಯ ದಿನ ಮಾನಮ್ಮ ಕಾಲೇಜಿನ ಗೇಟಿನ ಹತ್ತಿರ ಬೇವಿನ ಮರದ ಕೆಳಗೆ ಕಾದಳು. ಒಂದೂವರೆಗೆ ಭಾಗ್ಯ ಹೊರಬಂದಳು. "ಕೈ ನಡುಗಿತ್ತರಿ ಮೇಡಂ. ಪರೀಕ್ಷಕರಿಗೆ ಒಂದ ನಿಮಿಷ ಕೊಡ್ರಿ ಅಂದೆ. ಕೊಟ್ಟರು. ಆಮ್ಯಾಲ ಪೂರಾ ಮಾಡಿದೆ. ನೀರು ತೆಳ್ಳಗ ಗುಲಾಬಿ ಆತು, ಅಲ್ಲಿಗೇ ನಿಲ್ಲಿಸಿದೆ." ಅವಳ ಕೆನ್ನೆಯೂ ಅದೇ ಬಣ್ಣಕ್ಕೆ ತಿರುಗಿತ್ತು. ಐವತ್ತಕ್ಕೆ ನಲವತ್ತೊಂದು ಅಂಕ ಬಂದವು. ಮಲ್ಕಮ್ಮ ಅಂದು ಶೇಂಗಾ ಹೋಳಿಗೆ ಮಾಡಿ, ಪರೀಕ್ಷಕಿಯ ಪಾಲು ಎಂದು ಒಂದನ್ನು ಹೆಚ್ಚಿಗೆ ತಿಂದಳು.

ಸುದ್ದಿ ತ್ರಿವೇಣಿಗೂ ತಲುಪಿತು. ಆಗಸ್ಟಿನಲ್ಲಿ ಕಮಲಾಪುರದಲ್ಲಿ ಸುತ್ತಲಿನ ಹಾಸ್ಟೆಲ್ಲುಗಳ ವಾರ್ಡನ್‌ಗಳಿಗೆ ತರಬೇತಿ ಇಟ್ಟಾಗ ಅವಳು ಮಾನಮ್ಮನಿಗೆ ಫೋನು ಮಾಡಿದಳು. "ಈ ಸಲ ಮೊದಲನೇ ಕ್ಲಾಸ ನೀವ ತಗೋರಿ."

"ನಾ ಪಿಯುಸಿ ಕಲ್ತಾಕಿ ರೀ."

"ಹುಡುಗಿಯರು ನಿಮ್ಮನ್ನ ಪಾಸ್ ಮಾಡ್ಯಾರ. ಬರ್ರಿ."

ಅಂದು ಮಾನಮ್ಮ ನೀಲಿ ಇಳಕಲ್ ಸೀರೆ ಉಟ್ಟು ಹೊರಟಳು. ಭಾಗ್ಯ, ಸಕೀನಾ ಜೊತೆಗೆ ಬಂದರು. ತಾನು ಹುಟ್ಟಿ ಬೆಳೆದ ಊರಿನಲ್ಲಿ, ಇಪ್ಪತ್ತೈದು ಜನರ ಮುಂದೆ ಮಾನಮ್ಮ ಮೈಕು ಹಿಡಿದು ನಿಂತಳು. ಕೊನೆಯ ಸಾಲಿನಲ್ಲಿ ದೇವಿಂದ್ರಪ್ಪ ಹೊಸ ಟೊಪ್ಪಿಗೆ ಹಾಕಿಕೊಂಡು ಕೂತಿದ್ದ. ಕರೆಯದಿದ್ದರೂ ಬಂದಿದ್ದ.

"ನನಗ ಈಗ ಎರಡ ಆಗಾಕತ್ತಾವ ರೀ," ಎಂದು ಮಾನಮ್ಮ ಆರಂಭಿಸಿದಳು. "ಅಳುಕೂ ಅದ, ಭಾಳ ಖುಷೀನೂ ಅದ. ಎರಡೂ ಕೂಡೇ ಕುಂತಾವ. ಕೂಡ್ಲಿ ಬಿಡ್ರಿ. ನಿಮ್ಮೊಳಗ ಏನ್ ಕುಂತದ, ಅದನ್ನ ಹೇಳ್ರಿ."

ಎರಡು ತಾಸು ಹೇಗೆ ಕಳೆಯಿತೋ ತಿಳಿಯಲಿಲ್ಲ. ಅತ್ತವರೂ ಇದ್ದರು, ಅವರಿಗಿಂತ ನಕ್ಕವರು ಹೆಚ್ಚು. ಹೊರಬಂದಾಗ ಮಳೆ ನಿಂತು ಬಿಸಿಲು ಬಿದ್ದಿತ್ತು. ದೇವಿಂದ್ರಪ್ಪ ಟಂಟಂ ಆಟೋದಿಂದ ಎರಡು ಕೆಂಪು ಬಾಳೆಗೊನೆ ಇಳಿಸಿ, ಎಲ್ಲರ ಕೈಗೂ ಎರಡೆರಡು ಹಣ್ಣು ಕೊಡುತ್ತ ಬಂದ. ಹೆಂಡತಿಯ ಮುಂದೆ ನಿಂತು ನಕ್ಕು, ಅವಳಿಗೆ ಮಾತ್ರ ಮೂರು ಹಣ್ಣು ಕೊಟ್ಟ. ಮಾನಮ್ಮ ಅಲ್ಲೇ ಕಟ್ಟೆಯ ಮೇಲೆ ಕೂತು, ಒಂದನ್ನು ಸುಲಿದು ಅರ್ಧ ಮುರಿದು ಗಂಡನ ಕೈಗಿಟ್ಟಳು. ಕಾಲು ಚಾಚಿ, ಉಳಿದದ್ದನ್ನು ನಿಧಾನವಾಗಿ ತಿನ್ನತೊಡಗಿದಳು.