ಗಾಯವಿಲ್ಲದ ಕೈಯ ಬ್ಯಾಂಡೇಜು

ಮಣ್ಣಗುಡ್ಡದ ಶಶಿಪ್ರಭಾಳಿಗೆ ಮೂವತ್ತೈದು ದಾಟಿದ ಮೇಲೆ ಮೈನೋವು ಬಿಟ್ಟದ್ದೇ ಇಲ್ಲ. ಇಂದು ಕುತ್ತಿಗೆ, ನಾಳೆ ಸೊಂಟ. ನಿದ್ದೆ ಮಾಡಿ ಎದ್ದರೂ ಒನಕೆಯಲ್ಲಿ ಕುಟ್ಟಿ ಹಾಕಿದ ಹಾಗೆ. ಅದರ ಮೇಲೆ ತಲೆಶೂಲೆ. ಹೊರಗೆ ಹೊರಟರೆ ಸಾಕು, ಹೊಟ್ಟೆ ಕಲಕುವುದು. ಎಕ್ಸ್‌ರೇ ತೆಗೆಸಿದರು, ರಕ್ತ ನೋಡಿದರು. ಎಲ್ಲ ಸರಿಯಿತ್ತು.

"ಡಾಕ್ಟ್ರಿಗೇ ಸಿಕ್ಕದ ನೋವು ನಿನಗೆಲ್ಲಿಂದ ಸಿಕ್ಕಿತು ಮಾರಾಯ್ತಿ?" ಎಂದ ಗಂಡ ಮಹಾಬಲ. ತನ್ನ ಹೋಟೆಲಿನ ಗಿರಾಕಿಗಳೆದುರಿಗೂ ಅದನ್ನೇ ಹೇಳಿ ನಗಿಸುತ್ತಿದ್ದ.

೧೯೮೧ರಲ್ಲಿ ತೊಕ್ಕೊಟ್ಟಿನಲ್ಲಿ ಮೈದುನನ ಮಗಳ ಮದುವೆ. ಹಿಂದಿನ ದಿನವೇ ಹೋಗಿ ಹೆಂಗಸರ ಜೊತೆ ನೆಲದಲ್ಲಿ ಕೂತು ತೆಂಗಿನಕಾಯಿ ತುರಿಯಬೇಕು. ಕಳೆದ ಸಲ ಬೆನ್ನುನೋವು ಎಂದಾಗ ಅವರು ಮುಖ ಮುಖ ನೋಡಿಕೊಂಡದ್ದನ್ನು ಅವಳು ಮರೆತಿರಲಿಲ್ಲ. ಮೆಡಿಕಲ್ ಶಾಪಿನಿಂದ ಬ್ಯಾಂಡೇಜು ತಂದು, ಏನೂ ಆಗದ ಬಲಗೈಗೆ ಸುತ್ತಿಕೊಂಡಳು. ಬಚ್ಚಲಲ್ಲಿ ಜಾರಿ ಬಿದ್ದೆ ಎಂದಳು.

ಎಂಥ ಉಪಚಾರ! ಒಬ್ಬಳು ಕುರ್ಚಿ ತಂದಳು, ಇನ್ನೊಬ್ಬಳು ಬಿಸಿ ಕಾಫಿ ಕೊಟ್ಟಳು. ನಿಜವಾದ ನೋವಿಗೆ ಎಂದೂ ಸಿಗದ ಮರುಕ ಅದು. ಕಾಫಿಯನ್ನು ಅರ್ಧಕ್ಕೇ ಬಿಟ್ಟು ಪಕ್ಕಕ್ಕಿಟ್ಟಳು.

ಮಧ್ಯಾಹ್ನ ವಾರಗಿತ್ತಿ ಗುಲಾಬಿ, ಮದುಮಗಳ ತಾಯಿ, ಅಷ್ಟು ಕೆಲಸದ ನಡುವೆಯೂ ಎಣ್ಣೆ ಬಿಸಿ ಮಾಡಿ ತಂದಳು. ಬೇಡ ಎನ್ನುವುದರೊಳಗೆ ಬ್ಯಾಂಡೇಜು ಬಿಚ್ಚಿದಳು. ಊತವಿಲ್ಲ, ಕಂದಿಲ್ಲ. ಗುಲಾಬಿ ಎಣ್ಣೆ ಹಚ್ಚಿ, ಮತ್ತೆ ಮೊದಲಿನಂತೆಯೇ ಸುತ್ತಿದಳು. ಬೈದಿದ್ದರೆ ವಾಸಿಯಿತ್ತು.

"ನಾನು ಕೆಲಸಗಳ್ಳಿ ಅಂತ ಗ್ರಹಿಸಿದಿಯಲ್ಲ?" ಶಶಿಪ್ರಭಾ ತಲೆಯೆತ್ತದೆ ಕೇಳಿದಳು.

"ನಿಮಗೆ ನಿಜವಾಗಿ ಎಲ್ಲಿ ನೋವುಂಟು ಅಕ್ಕ? ಅದನ್ನು ಹೇಳಿ."

ಹಾಗೆ ಕೇಳಿದವರು ಅವಳೊಬ್ಬಳೇ. ಶಶಿಪ್ರಭಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಎಲ್ಲ ಹೇಳಿದಳು, ಹೊಟ್ಟೆಯ ವಿಷಯ ಸಹಿತ.

ಮದುವೆ ಮುಗಿದ ಮೇಲೆ ಗುಲಾಬಿಯೇ ಅವಳನ್ನು ಫಳ್ನೀರಿನ ಒಬ್ಬ ಡಾಕ್ಟರಲ್ಲಿಗೆ ಕರೆದೊಯ್ದಳು. ಅವರು ಕುತ್ತಿಗೆ, ಹೆಗಲು, ಸೊಂಟ ಬೆರಳಿನಿಂದ ಒತ್ತಿ ನೋಡಿದರು. ಒತ್ತಿದಲ್ಲೆಲ್ಲ ಅವಳು ಚೀರಿದಳು.

"ಇದಕ್ಕೆ ಫೈಬ್ರೊಸೈಟಿಸ್ ಅಂತ ಹೇಳ್ತೇವೆ, ಸ್ನಾಯುಗಳ ನೋವು. ನಿದ್ದೆ ಕೆಡುವುದು, ತಲೆನೋವು, ಹೊಟ್ಟೆಯ ತೊಂದರೆ, ಎಲ್ಲ ಇದರ ಜೊತೆ ಬರುವುದುಂಟು. ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಪೂರ್ತಿ ಹೋಗ್ಲಿಕ್ಕಿಲ್ಲ, ಕಮ್ಮಿ ಮಾಡಬಹುದು," ಎಂದರು.

ಮಲಗುವ ಮುಂಚೆ ಸಣ್ಣದೊಂದು ಮಾತ್ರೆ, ದಿನಾ ಸ್ವಲ್ಪ ನಡಿಗೆ. ನಿದ್ದೆ ತುಸು ಬರತೊಡಗಿತು. ಮಹಾಬಲ ಗಿರಾಕಿಗಳನ್ನು ನಗಿಸುವುದು ಬಿಟ್ಟ. ಆದರೆ ಆ ಮದುವೆಮನೆಯ ಸುಳ್ಳಿನ ನಾಚಿಕೆಗೆ ಮಾತ್ರೆಯಿರಲಿಲ್ಲ.

ಮರುವರ್ಷ ನೆಂಟರ ಗೃಹಪ್ರವೇಶದಲ್ಲಿ ಅವಳು ಬ್ಯಾಂಡೇಜಿಲ್ಲದ ಕೈಯಲ್ಲೇ ನಿಂತು, "ನನಗೆ ನೆಲದಲ್ಲಿ ಕೂರ್ಲಿಕ್ಕೆ ಆಗುವುದಿಲ್ಲ, ಮೈಯೆಲ್ಲ ನೋವುಂಟು," ಎಂದಳು. ಯಾರೋ ಕಿಸಕ್ಕನೆ ನಕ್ಕರು. ಅವಳ ಕಿವಿ ಬಿಸಿಯಾಯಿತು. ಆದರೂ ಸ್ಟೂಲೊಂದನ್ನು ತಾನೇ ಎಳೆದುಕೊಂಡು ಕೂತು, ತಲೆ ತಗ್ಗಿಸಿ ಬೆಳ್ಳುಳ್ಳಿ ಸುಲಿಯತೊಡಗಿದಳು.